ಪುಲ್ಲಿ ಹಿಡಿಯಲು ಒಂದು ನಟ್ಟು, ಒಂದು ಪಟ್ಟಿ

ಹಳೆಯ ಹೋಂಡಾ ಕಾರುಗಳ ಟೈಮಿಂಗ್ ಬೆಲ್ಟ್ ಬದಲಿಸಲು ಹೊರಟವರನ್ನು ಸತಾಯಿಸುವುದು ಒಂದೇ ಬೋಲ್ಟು. ಕ್ರ್ಯಾಂಕ್‌ಶಾಫ್ಟಿನ ತುದಿಗೆ ಪುಲ್ಲಿಯನ್ನು ಬಿಗಿದಿಡುವ ಬೋಲ್ಟು ಅದು. ಡಿ ಸರಣಿಯ ಹಲವು ಎಂಜಿನ್‌ಗಳಲ್ಲಿ ಇದರ ಬಿಗಿತ ಸುಮಾರು 180 ನ್ಯೂಟನ್ ಮೀಟರ್. ವರ್ಷಗಟ್ಟಲೆ ಬಿಸಿ ಉಂಡ ಮೇಲೆ ಬಿಚ್ಚಲು ಇನ್ನೂ ಹೆಚ್ಚು ಬಲ ಬೇಕು. ಸ್ಪ್ಯಾನರ್ ಹಾಕಿ ಒತ್ತಿದರೆ ಬೋಲ್ಟಿನ ಜೊತೆ ಎಂಜಿನ್ನೂ ತಿರುಗುತ್ತದೆ.

ಇದಕ್ಕೆ ಅಡ್ಡದಾರಿಗಳು ಹಲವು, ಅಪಾಯಗಳೂ ಅಷ್ಟೇ. ಪುಲ್ಲಿಯ ಹೊರಸುತ್ತಿಗೆ ಚೈನ್ ಸುತ್ತಿ ಎಳೆದರೆ ಒಳಗಿನ ರಬ್ಬರ್ ಪದರ ಕಿತ್ತುಬರಬಹುದು. ಫ್ಲೈವೀಲ್ ಹಲ್ಲಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ಹಲ್ಲೇ ಮುರಿಯಬಹುದು. ಸ್ಪ್ಯಾನರನ್ನು ನೆಲಕ್ಕೆ ಆನಿಸಿ ಸ್ಟಾರ್ಟರ್ ಮಿಡಿಯುವ ಉಪಾಯ ಇಲ್ಲಿ ನಡೆಯುವುದೇ ಇಲ್ಲ: ಈ ಎಂಜಿನ್ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಹಾಗಾಗಿ ಬೋಲ್ಟು ಇನ್ನಷ್ಟು ಬಿಗಿಯಾಗುತ್ತದೆ.

ಸರಿಯಾದ ಹಿಡಿತ ಪುಲ್ಲಿಯ ನಡುವಿನಲ್ಲೇ ಇದೆ. ಅಲ್ಲಿ 50 ಮಿ.ಮೀ. ಅಗಲದ ಆರು ಮೂಲೆಯ ಗುಳಿಯಿದೆ. ಎಂ33 ನಟ್ಟಿನ ಅಗಲವೂ ಅಷ್ಟೇ. 10 ಅಥವಾ 12 ಮಿ.ಮೀ. ದಪ್ಪದ, ಎರಡಡಿ ಉದ್ದದ ಕಬ್ಬಿಣದ ಪಟ್ಟಿಯ ತುದಿಯಲ್ಲಿ ಸಾಕೆಟ್ ದಾಟುವಷ್ಟು ತೂತು ಕೊರೆದು, ಅದರ ಮೇಲೆ ಈ ನಟ್ಟನ್ನು ಸುತ್ತಲೂ ವೆಲ್ಡ್ ಮಾಡಿದರೆ ಉಪಕರಣ ಸಿದ್ಧ. ದಪ್ಪ ಸಾಕೆಟ್ ಆದರೆ ನಟ್ಟಿನ ಒಳಮರೆಯನ್ನು ಲೇತಿನಲ್ಲಿ ತೆಗೆಸಬೇಕು. ಸತುವಿನ ಲೇಪವಿದ್ದರೆ ವೆಲ್ಡಿಂಗ್‌ಗೆ ಮೊದಲೇ ಉಜ್ಜಿ ತೆಗೆಯಿರಿ. ಅದರ ಹೊಗೆ ಒಳ್ಳೆಯದಲ್ಲ.

ಬಳಸುವುದು ಸುಲಭ. ನಟ್ಟನ್ನು ಗುಳಿಗೆ ಕೂರಿಸಿ, ಬೋಲ್ಟು ಬಿಚ್ಚುವಾಗ ಪಟ್ಟಿ ಎತ್ತ ವಾಲುತ್ತದೋ ಅತ್ತ ಗಟ್ಟಿ ಮರದ ತುಂಡಿಗೆ ಆನಿಸಿ. ಪಟ್ಟಿಯ ತುದಿಯ ತೂತಿನಿಂದ ಸಾಕೆಟ್ ತೂರಿಸಿ, ಉದ್ದನೆಯ ಹಿಡಿಯಿಂದ ಒತ್ತಿ. 300 ನ್ಯೂಟನ್ ಮೀಟರ್ ಬೇಕಾದರೂ, 60 ಸೆಂ.ಮೀ. ಹಿಡಿಯ ತುದಿಗೆ ಸುಮಾರು 50 ಕಿಲೋ ಭಾರ ಸಾಕು. ಕಾರು ಜಾಕಿನ ಮೇಲಷ್ಟೇ ನಿಂತಿರಬಾರದು, ಸ್ಟ್ಯಾಂಡ್ ಕಡ್ಡಾಯ.

ಗುಳಿಯಿಲ್ಲದ ಕೆಲವು ಪುಲ್ಲಿಗಳಲ್ಲಿ ಮರೆ ಕೊರೆದ ಎರಡು ತೂತುಗಳಿರುತ್ತವೆ. ಅಂಥವಕ್ಕೆ ಪಟ್ಟಿಯನ್ನು ಎರಡು ಬೋಲ್ಟಿನಿಂದ ಬಿಗಿದರಾಯಿತು. ಬೋಲ್ಟು ಉದ್ದವಾಗಿ ಹಿಂದಿನ ಕವರನ್ನು ತಾಗಬಾರದು.

ಬೆಲ್ಟ್ ಹಾಕಿದ ಮೇಲೆ ಈ ಉಪಕರಣವನ್ನು ಗುಜರಿಗೆ ಎಸೆಯಬೇಡಿ. ಬೋಲ್ಟನ್ನು ಟಾರ್ಕ್ ರೆಂಚಿನಿಂದ ನಿಗದಿತ ಬಿಗಿತಕ್ಕೆ ತರಲೂ ಪುಲ್ಲಿಯನ್ನು ಹಿಡಿದು ನಿಲ್ಲಿಸಲೇಬೇಕು.