ಗ್ಯಾಸ್ ಬತ್ತಿಯಿಂದ ಅಯಸ್ಕಾಂತದವರೆಗೆ

ಹಳ್ಳಿಗಳಿಗೆ ವಿದ್ಯುದ್ದೀಪ ಬರುವ ಮುನ್ನ ಬಾದಾಮಿ ಸೀಮೆಯ ಜಾತ್ರೆಯ ನಾಟಕಗಳಿಗೂ ಇಳಕಲ್ಲು, ಹುನಗುಂದಗಳ ಮದುವೆಯ ಮೆರವಣಿಗೆಗಳಿಗೂ ಬೆಳಕನ್ನಿತ್ತುದು ಗ್ಯಾಸ್ ಬತ್ತಿ. ಮುಟ್ಟಿದರೆ ಬೂದಿಯಾಗುವ ಅದರ ಬಿಳಿಯ ಜಾಲರಿಯ ಹಿಂದೆ ಮಹಾರಾಷ್ಟ್ರಗಳ ಪೈಪೋಟಿಯೊಂದು ಅಡಗಿತ್ತೆಂಬುದನ್ನು ಬಲ್ಲವರು ಕೆಲವರೇ.

ಆಸ್ಟ್ರಿಯದ ರಸಾಯನ ವಿಜ್ಞಾನಿ ಆವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಥೋರಿಯಂ ಆಕ್ಸೈಡಿಗೆ ನೂರಕ್ಕೆ ಒಂದು ಪಾಲು ಸೀರಿಯಂ ಆಕ್ಸೈಡನ್ನು ಬೆರೆಸಿ ಈ ಜಾಲರಿಯನ್ನು ರೂಪಿಸಿದನು. ಇವೆರಡೂ ಮೊನಜೈಟ್ ಎಂಬ ಖನಿಜದಲ್ಲಿ ದೊರೆಯುತ್ತವೆ. 1909ರಲ್ಲಿ ಶಾಂಬರ್ಗ್ ಎಂಬ ಜರ್ಮನ್ ರಸಾಯನಜ್ಞನು, ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಅದನ್ನು ಗುರುತಿಸಿದನು. ಮಣವಾಳಕುರಿಚ್ಚಿಯ ಮರಳು ಹಡಗನ್ನೇರಿತು. ಮರಳು ತಿರುವಾಂಕೂರಿನದು, ಬೆಳಕು ಮಾರಿದ ಲಾಭ ಯೂರೋಪಿನದು.

ಅಣುಬಾಂಬಿನ ತರುವಾಯ ಥೋರಿಯಮ್ಮಿಗೆ ಹೊಸ ಬೆಲೆ ಬಂದಿತು. 1946ರಲ್ಲಿ ಮೊನಜೈಟ್ ರಫ್ತಿಗೆ ನಿರ್ಬಂಧ ಬಿದ್ದಿತು. 1950ರ ಆಗಸ್ಟ್ 18ರಂದು ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿತು. 1952ರಲ್ಲಿ ಆಲುವಾಯ ಕಾರ್ಖಾನೆಯನ್ನು ನೆಹರೂ ಅವರು ರಾಷ್ಟ್ರಕ್ಕರ್ಪಿಸಿದರು. ಮರುವರ್ಷವೇ ಸುಮಾರು ಒಂದು ಟನ್ ಥೋರಿಯಂ ನೈಟ್ರೇಟ್ ಚೀನಕ್ಕೆ ಹೋದುದು ಅಮೆರಿಕವನ್ನು ಕೆರಳಿಸಿತು. ಕಮ್ಯೂನಿಸ್ಟ್ ದೇಶಗಳಿಗೆ ಅಂತಹ ಸರಕು ಕಳಿಸಿದವರಿಗೆ ನೆರವು ಸಲ್ಲದೆಂಬುದು ಅಲ್ಲಿಯ 1951ರ ಕಾಯಿದೆ. ಸಂಧಾನದಿಂದ ವಿವಾದವು ತಣ್ಣಗಾಯಿತು.

ಸೀರಿಯಮ್ಮಿನ ಬಳಗದಲ್ಲಿ 17 ಧಾತುಗಳಿವೆ. ಇವಕ್ಕೆ ವಿರಳ ಭೂಲೋಹಗಳೆಂದು ಹೆಸರು. ಆದರೆ ಭೂಮಿಯಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ವಿರಳವಾದುದು ಲೋಹವಲ್ಲ, ಬೇರ್ಪಡಿಸುವ ಬಲ್ಮೆ. ಒಂದೇ ಅದಿರಿನಲ್ಲಿ ಅವಳಿಜವಳಿಗಳಂತೆ ಕಲೆತಿರುವ ಇವನ್ನು ದ್ರಾವಕಗಳಲ್ಲಿ ಮತ್ತೆ ಮತ್ತೆ ತೊಳೆದು ಬಿಡಿಸಬೇಕು. ಮೊನಜೈಟ್ ಆದರೆ, ವಿಕಿರಣ ಸೂಸುವ ಥೋರಿಯಮ್ಮನ್ನೂ ಜೋಪಾನ ಮಾಡಬೇಕು.

ಹಿಂದೆ ಕ್ಯಾಲಿಫೋರ್ನಿಯದ ಮೌಂಟನ್ ಪಾಸ್ ಗಣಿಯೇ ಜಗತ್ತಿಗೆ ಮುಖ್ಯ ಆಸರೆಯಾಗಿತ್ತು. ಚೀನದ ಬಯಾನ್ ಓಬೋದಲ್ಲಾದರೋ ಈ ಲೋಹಗಳು ಕಬ್ಬಿಣದ ಅದಿರಿನ ಜೊತೆಗೇ ದೊರೆತವು; ಅಗೆತದ ವೆಚ್ಚ ಹಂಚಿಹೋಯಿತು, ಬೆಲೆ ಇಳಿಯಿತು. 2002ರಲ್ಲಿ ಅಮೆರಿಕದ ಗಣಿಯು ಮುಚ್ಚಿತು. ಅದು ಮತ್ತೆ ತೆರೆದಿದ್ದರೂ, ಶುದ್ಧೀಕರಣದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಈಗ ಚೀನದ್ದು. 2010ರಲ್ಲಿ ದ್ವೀಪವೊಂದರ ಕಲಹದಲ್ಲಿ ಜಪಾನಿಗೆ ಸರಬರಾಜು ತಡೆಯಿತು. 2025ರ ಏಪ್ರಿಲಿನಲ್ಲಿ ಚೀನವು ಏಳು ಲೋಹಗಳಿಗೂ ಅವುಗಳ ಅಯಸ್ಕಾಂತಗಳಿಗೂ ರಫ್ತು ಪರವಾನಗಿಯನ್ನು ವಿಧಿಸಿದಾಗ ವಾಹನ ತಯಾರಕರು ತತ್ತರಿಸಿದರು. ಬಾಗಲಕೋಟೆಯ ಪೇಟೆಯಲ್ಲಿ ಕೊಳ್ಳುವ ವಿದ್ಯುತ್ ಸ್ಕೂಟರಿನ ಮೋಟರಿನಲ್ಲಿಯೂ ಸಾಮಾನ್ಯವಾಗಿ ಇರುವುದು ಇಂತಹ ಅಯಸ್ಕಾಂತವೇ.

ಅಮೆರಿಕದ ಭೂವಿಜ್ಞಾನ ಇಲಾಖೆಯ ಲೆಕ್ಕದಂತೆ ಭಾರತದ ನಿಕ್ಷೇಪ ಸುಮಾರು 69 ಲಕ್ಷ ಟನ್, ಜಗತ್ತಿನಲ್ಲಿ ಮೂರನೆಯದು. 2024ರ ಉತ್ಪಾದನೆಯಾದರೋ ಸುಮಾರು 2,900 ಟನ್; ಚೀನದ್ದು 2,70,000 ಟನ್. ಕಣಜ ತುಂಬಿದ್ದರೂ ಬೀಸುವ ಕಲ್ಲು ಚಿಕ್ಕದು.

ಈ ನ್ಯಾಯ ಇಳಕಲ್ಲಿನವರಿಗೆ ಹೊಸದಲ್ಲ. ಅಲ್ಲಿಯ ಗುಲಾಬಿಗೆಂಪಿನ ಗ್ರಾನೈಟ್ ಗಣಿಯಿಂದ ದಿಮ್ಮಿಯಾಗಿಯೇ ಹೊರಟರೆ ಒಂದು ಬೆಲೆ; ಕೊಯ್ದು ಹೊಳಪೇರಿ ಹೊರಟರೆ ಮತ್ತೊಂದು. ದಿಮ್ಮಿ ಹೋದ ಮೇಲೆ ಊರಿಗೆ ಉಳಿಯುವುದು ಹಳ್ಳ ಮತ್ತು ಧೂಳು. ಕುಶಲ ಕೆಲಸ ಹಡಗಿನೊಂದಿಗೆ ತೆರಳುತ್ತದೆ.

2025ರ ನವೆಂಬರಿನಲ್ಲಿ ಕೇಂದ್ರ ಸಂಪುಟವು ವರ್ಷಕ್ಕೆ 6,000 ಟನ್ ಅಯಸ್ಕಾಂತದ ತಯಾರಿಕೆಗಾಗಿ 7,280 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಅಗೆತವೊಂದನ್ನೇ ಹೆಚ್ಚಿಸಿ ತೃಪ್ತರಾಗದೆ ವಿದ್ಯೆಯನ್ನು ಬೆಳೆಸಬೇಕು; ಕಡಲತಡಿಯ ಜನರ ನೆಲ, ನೀರುಗಳ ಹಾನಿಯನ್ನೂ ಬೆಲೆಯೊಳಗೆ ಎಣಿಸಬೇಕು. ಬಾದಾಮಿಯ ಮರಳುಗಲ್ಲು ಬೆಟ್ಟದಲ್ಲಿ ಎಂದಿನಿಂದಲೋ ಇದ್ದಿತು, ಕ್ರಿ. ಶ. 578ರ ವೇಳೆಗೆ ಅದನ್ನು ಲೋಕ ಬೆರಗಾಗುವ ಗುಹಾಲಯವಾಗಿಸಿದುದು ಕುಶಲಿಯ ಉಳಿ.