ಹಡಗಿನ ತಳಕ್ಕೆ ವಿಷವಿಲ್ಲದ ಲೇಪ

ಕಡಲಿನಲ್ಲಿ ನಿಂತ ದೋಣಿಯ ತಳಕ್ಕೆ ಮೊದಲು ಬ್ಯಾಕ್ಟೀರಿಯಗಳ ಲೋಳೆ, ಅನಂತರ ಪಾಚಿ ಹಾಗೂ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ಅಂಟಿಕೊಳ್ಳುತ್ತವೆ. ತಳ ಒರಟಾದಂತೆ ಘರ್ಷಣೆ ಹೆಚ್ಚಿ, ಇಂಧನದ ಖರ್ಚೂ ಏರುತ್ತದೆ. ಇದನ್ನು ತಡೆಯಲು ಕ್ಯುಪ್ರಸ್ ಆಕ್ಸೈಡ್ ಬೆರೆತ ಬಣ್ಣ ಬಳಿಯುವುದು ವಾಡಿಕೆ.

ತಾಮ್ರ ಹೇಗೆ ಕೆಲಸ ಮಾಡುತ್ತದೆ? ಹಿಂದೆ ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಅದು ಉಪ್ಪುನೀರಿನಲ್ಲಿ ಸವೆಯುತ್ತಿತ್ತು. 1824ರಲ್ಲಿ ಹಂಫ್ರಿ ಡೇವಿ, ತಗಡಿಗೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಲು ಸೂಚಿಸಿದ. ಹೆಚ್ಚು ಕ್ರಿಯಾಶೀಲವಾದ ಈ ಲೋಹಗಳು ತಾವು ಕರಗಿ ತಾಮ್ರವನ್ನು ಉಳಿಸಿದವು. ಆದರೆ ಸವೆಯದ ತಾಮ್ರದ ಮೇಲೆ ಪಾಚಿ, ಬಾರ್ನಕಲ್‌ಗಳು ಧಾರಾಳವಾಗಿ ಬೆಳೆದವು! ಜೀವಿಗಳನ್ನು ದೂರವಿಡುತ್ತಿದ್ದುದು ಕರಗಿ ಹೊರಬರುವ ತಾಮ್ರದ ಅಯಾನುಗಳು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೀಗೆ ಕರಗುವುದೇ ತಾಮ್ರದ ಬಣ್ಣದ ಗುಣ, ಅದೇ ದೋಷ ಕೂಡ. ಅಮೆರಿಕದ ಸ್ಯಾನ್ ಡಿಯೇಗೊ ನಗರದ ಶೆಲ್ಟರ್ ಐಲ್ಯಾಂಡ್ ವಿಹಾರನೌಕೆಗಳ ತಂಗುದಾಣದಲ್ಲಿ, ನೀರಿಗೆ ಸೇರುವ ತಾಮ್ರವನ್ನು 76% ತಗ್ಗಿಸಬೇಕೆಂದು 2005ರಲ್ಲಿ ಗೊತ್ತುಪಡಿಸಲಾಯಿತು. ಅಲ್ಲಿನ ಮಿತಿ ಲೀಟರಿಗೆ ಕೇವಲ 3.1 ಮೈಕ್ರೊಗ್ರಾಮ್.

ಹಾಗಾದರೆ ಬೇರೆ ವಿಷ ಬಳಸಬಹುದೆ? ಟ್ರೈಬ್ಯುಟೈಲ್ ಟಿನ್ ಬೆರೆತ ಬಣ್ಣಗಳು ತಾಮ್ರಕ್ಕಿಂತ ಪ್ರಬಲವಾಗಿದ್ದವು. ಅವು ಸಿಂಪಿಗಳ ಚಿಪ್ಪನ್ನು ವಿರೂಪಗೊಳಿಸಿದವು. ಹೆಣ್ಣು ಕಡಲ ಬಸವನಹುಳುಗಳಲ್ಲಿ ಗಂಡಿನ ಅಂಗ ಬೆಳೆಯುವಂತೆ ಮಾಡಿದವು. ಅವನ್ನು ನಿಷೇಧಿಸುವ 2001ರ ಅಂತಾರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು.

ಇನ್ನೊಂದು ದಾರಿಯನ್ನು ಭೌತವಿಜ್ಞಾನ ತೋರಿಸುತ್ತದೆ: ಜೀವಿಯನ್ನು ಕೊಲ್ಲುವ ಬದಲು ಅದರ ಹಿಡಿತವನ್ನು ಸಡಿಲಿಸುವುದು. ಅಂಟಿದ್ದನ್ನು ಕೀಳಲು ಬೇಕಾದ ಬಲ, ಲೇಪದ ಮೇಲ್ಮೈ ಶಕ್ತಿ ಮತ್ತು ಸ್ಥಿತಿಸ್ಥಾಪಕ ಗುಣಾಂಕಗಳ ಗುಣಲಬ್ಧದ ವರ್ಗಮೂಲಕ್ಕೆ ಸುಮಾರಾಗಿ ಅನುಪಾತದಲ್ಲಿರುತ್ತದೆ. ದೋಸೆಯ ಕಾವಲಿಗೆ ಒಪ್ಪುವ ಟೆಫ್ಲಾನ್ ಹಡಗಿಗೂ ಒಪ್ಪೀತು ಎಂದು ನಿಮಗೆ ಅನಿಸಬಹುದು. ಅದರ ಮೇಲ್ಮೈ ಶಕ್ತಿ ಸಿಲಿಕೋನ್ ರಬ್ಬರಿಗಿಂತ ತುಸು ಕಡಿಮೆಯೇ. ಆದರೆ ಅದರ ಸ್ಥಿತಿಸ್ಥಾಪಕ ಗುಣಾಂಕ ನೂರಾರು ಪಟ್ಟು ಹೆಚ್ಚು. ವರ್ಗಮೂಲ ತೆಗೆದರೂ ಬೇಕಾಗುವ ಬಲ ಹತ್ತು ಪಟ್ಟಿಗೆ ಮಿಕ್ಕುತ್ತದೆ. ಮೆತ್ತನೆಯ ಸಿಲಿಕೋನ್ ಬಾಗಿ, ಚಿಪ್ಪಿನ ಅಂಚಿನಿಂದ ಬಿಟ್ಟುಕೊಳ್ಳುತ್ತ ಹೋಗುತ್ತದೆ. ಹಡಗು ವೇಗವಾಗಿ ಸಾಗುವಾಗ ನೀರಿನ ಸೆಳೆತವೇ ತಳವನ್ನು ತೊಳೆಯುತ್ತದೆ.

ಮಿತಿಗಳೂ ಇವೆ. ಈ ಲೇಪ ಸುಲಭವಾಗಿ ಗೀರಿಹೋಗುತ್ತದೆ. ಹೆಚ್ಚು ಹೊತ್ತು ನಿಂತೇ ಇರುವ ದೋಣಿಯಲ್ಲಿ ಜೀವಿಗಳು ಉಳಿದುಬಿಡುತ್ತವೆ. ಅವನ್ನು ಒರೆಸಿ ತೆಗೆಯಬೇಕು. ಕೆಲವು ಸಿಲಿಕೋನ್ ಲೇಪಗಳಲ್ಲಿ ಬೆರೆಸಿದ ಎಣ್ಣೆಯೂ ನಿಧಾನವಾಗಿ ನೀರಿಗೆ ಸೇರುತ್ತದೆ. ಆದ್ದರಿಂದ 'ತಾಮ್ರರಹಿತ' ಎಂಬ ಹಣೆಪಟ್ಟಿ ಕಂಡಾಗ ಎರಡು ಪ್ರಶ್ನೆ ಕೇಳಿ: ಅದರಿಂದ ನೀರಿಗೆ ಏನು ಸೇರುತ್ತದೆ? ಎಷ್ಟು ಸೇರುತ್ತದೆ?