ದನವೋ ಧನವೋ? ಆಫ್‌ಸೆಟ್ ಮುದ್ರಣದ ಚುಕ್ಕಿ ಲೆಕ್ಕ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಲ್ಲಿ ಯಾವ ಮನೆಗೆ ಹೋದರೂ ಗೋಡೆ ಮೇಲೆ ಒಂದು ಕ್ಯಾಲೆಂಡರ್ ಇರುತ್ತೆ. ಟಿವಿ ಪಕ್ಕ ಯಾರದೋ ಮದುವೆಯ ಲಗ್ನಪತ್ರಿಕೆ, ಜಗಲಿ ಮೇಲೆ ಇವತ್ತಿನ ಪೇಪರ್, ಮಕ್ಕಳ ಬ್ಯಾಗಿನಲ್ಲಿ ಪಠ್ಯಪುಸ್ತಕ. ಇವುಗಳಲ್ಲಿ ಬಹುಪಾಲು ಒಂದೇ ವಿಧಾನದಲ್ಲಿ ಅಚ್ಚಾಗಿರುತ್ತವೆ. ಅದೇ ಆಫ್‌ಸೆಟ್. ಹಾಸನ, ಹೊಳೆನರಸೀಪುರ, ಅರಕಲಗೂಡು ಎಲ್ಲಿ ಓಡಾಡಿದರೂ ಪ್ರಿಂಟಿಂಗ್ ಪ್ರೆಸ್ ಬೋರ್ಡಿನಲ್ಲಿ ಈ ಪದ ಕಾಣುತ್ತೆ.

ಥ್ರೀ-ಡಿ ಪ್ರಿಂಟರ್ ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದರೆ ನಾವು ಇಂಜಿನಿಯರಿಂಗ್ ಹುಡುಗ ಹುಡುಗಿಯರು ಹತ್ತು ನಿಮಿಷ ಮಾತಾಡ್ತೀವಿ. ಬೆಳಗ್ಗೆ ಓದೋ ಪೇಪರ್ ಹೇಗೆ ಅಚ್ಚಾಗುತ್ತೆ ಅಂದರೆ "ಮಷೀನಲ್ಲಿ" ಅಂತ ಹೇಳಿ ಸುಮ್ಮನಾಗ್ತೀವಿ. ಆದರೆ ಕನ್ನಡ ಸಂಘದವರಾದ ನಾವು ಪ್ರತಿ ನವೆಂಬರ್‌ನಲ್ಲಿ ಪೋಸ್ಟರ್, ಆಮಂತ್ರಣ, ಸ್ಮರಣ ಸಂಚಿಕೆ ಅಂತ ಪ್ರೆಸ್ ಬಾಗಿಲಿಗೆ ಹೋಗಲೇಬೇಕು. ಅಲ್ಲಿ ಖರ್ಚಾಗೋದು ಎಲ್ಲರೂ ಸೇರಿ ಹಾಕಿದ ದುಡ್ಡು, ಕೆಡೋದು ಕನ್ನಡದ ಅಕ್ಷರ. ಹಾಗಾಗಿ ಇದರ ಹಿಂದಿನ ಲೆಕ್ಕ ಗೊತ್ತಿದ್ದರೆ ಒಳ್ಳೇದು.

ಕಲ್ಲಿನಿಂದ ಶುರು

ಕಲ್ಲಿನ ಮೇಲೆ ಅಕ್ಷರ ಅಂದರೆ ಹಾಸನ ಜಿಲ್ಲೆಯವರಿಗೆ ಹೊಸದಲ್ಲ. ಹಲ್ಮಿಡಿ ಇರೋದು ಬೇಲೂರು ತಾಲ್ಲೂಕಿನಲ್ಲಿ. ನೂರಾರು ಶಾಸನಗಳಿರುವ ಶ್ರವಣಬೆಳಗೊಳ ಇರೋದು ದಂಡಿಗನಹಳ್ಳಿ ಇರುವ ತಾಲ್ಲೂಕಿನಲ್ಲೇ. ಅಲ್ಲಿ ಉಳಿಯಿಂದ ಕೊರೆದ ಅಕ್ಷರ ಕಲ್ಲಿನ ಮಟ್ಟಕ್ಕಿಂತ ಕೆಳಗಿರುತ್ತೆ. ಹಳೇ ಪ್ರೆಸ್ಸುಗಳ ಸೀಸದ ಅಚ್ಚುಮೊಳೆಯಲ್ಲಿ ಇದು ಉಲ್ಟಾ, ಅಕ್ಷರ ಮೇಲೆ ಎದ್ದು ನಿಂತಿರುತ್ತೆ. ಎದ್ದ ಭಾಗಕ್ಕೆ ಮಾತ್ರ ಮಸಿ ಹತ್ತುತ್ತೆ, ಕಾಗದ ಒತ್ತಿದರೆ ಅಚ್ಚು ಬೀಳುತ್ತೆ.

1790ರ ದಶಕದ ಕೊನೆಯಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಮೂರನೇ ದಾರಿ ಹುಡುಕಿದ. ಅವನು ನಾಟಕಕಾರ. ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕಿಸಬೇಕು ಅನ್ನೋದು ಅವನ ಆಸೆ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದ. ಕಲ್ಲಿಗೆ ಗೋಂದು ಮತ್ತು ಸ್ವಲ್ಪ ಆಮ್ಲ ಸವರಿದ, ಆಮೇಲೆ ನೀರು ಹಚ್ಚಿದ. ಬರೆಯದ ಕಡೆ ನೀರು ಕೂತಿತು, ಜಿಡ್ಡು ಇದ್ದ ಕಡೆ ಕೂರಲಿಲ್ಲ. ಈಗ ಎಣ್ಣೆಯ ಮಸಿ ಉರುಳಿಸಿದರೆ ಅದು ಜಿಡ್ಡಿಗೆ ಮಾತ್ರ ಅಂಟಿತು. ಅಕ್ಷರ ಮೇಲೂ ಇಲ್ಲ, ಕೆಳಗೂ ಇಲ್ಲ, ಕಲ್ಲಿನ ಮಟ್ಟದಲ್ಲೇ ಇದೆ. ಇದೇ ಲಿಥೋಗ್ರಫಿ, ಕನ್ನಡದಲ್ಲಿ ಕಲ್ಲಚ್ಚು.

ಈ ಕಲ್ಲಚ್ಚು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಎಲ್ಲ ಸೇರಿ ನೂರು ಚಿಲ್ಲರೆ ಮೊಳೆ ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ಬೇರೆ ಬೇರೆ ಮೊಳೆ ಎರಕ ಹೊಯ್ಯಬೇಕು. ಕಲ್ಲಚ್ಚಿನಲ್ಲಿ ಆ ತಲೆನೋವೇ ಇಲ್ಲ, ಕೈಯಲ್ಲಿ ಬರೆಯೋಕೆ ಬಂದದ್ದೆಲ್ಲ ಅಚ್ಚಾಗುತ್ತೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ 1841ರಲ್ಲಿ ಶುರುವಾಗಿದ್ದು ಕಲ್ಲಚ್ಚಿನಿಂದಲೇ. ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕೂಡ ಕಲ್ಲಚ್ಚಿನದೇ. ಮುಂದಿನ ವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಅಂತಾಯಿತು, ಅಲ್ಲಿ ಮೊಳೆಯಲ್ಲಿ ಅಚ್ಚಾಯಿತು. ಜುಲೈ 1ನ್ನು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ ಅಂತ ಆಚರಿಸೋದು ಇದಕ್ಕೇ.

ಎಣ್ಣೆ ಸೀಗೇಕಾಯಿ

ಇವತ್ತಿನ ಆಫ್‌ಸೆಟ್‌ನಲ್ಲಿ ಕಲ್ಲಿನ ಜಾಗಕ್ಕೆ ತೆಳ್ಳಗಿನ ಅಲ್ಯೂಮಿನಿಯಂ ಪ್ಲೇಟ್ ಬಂದಿದೆ, ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದರ ಮೇಲೆ ಬೆಳಕಿಗೆ ಸ್ಪಂದಿಸುವ ಲೇಪನ ಇರುತ್ತೆ. ಕಂಪ್ಯೂಟರ್‌ನಿಂದ ಬಂದ ಪುಟವನ್ನು ಲೇಸರ್ ನೇರವಾಗಿ ಪ್ಲೇಟ್ ಮೇಲೆ ಬರೆಯುತ್ತೆ. ತೊಳೆದಾದ ಮೇಲೆ ಲೇಪನ ಉಳಿದ ಕಡೆ ಮಸಿ ಹಿಡಿಯುತ್ತೆ, ಬರೀ ಅಲ್ಯೂಮಿನಿಯಂ ಇರೋ ಕಡೆ ನೀರು ಹಿಡಿಯುತ್ತೆ. ಕೆಸುವಿನ ಎಲೆ ಮೇಲೆ ನೀರು ನಿಲ್ಲಲ್ಲ, ಪಕ್ಕದ ಮಣ್ಣಿನಲ್ಲಿ ಇಂಗುತ್ತೆ ಅಲ್ವಾ, ಅಂಥ ಎರಡು ಸ್ವಭಾವ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇದ್ದ ಹಾಗೆ.

ಮಷೀನಿನಲ್ಲಿ ಪ್ಲೇಟನ್ನು ಒಂದು ಸಿಲಿಂಡರಿಗೆ ಸುತ್ತಿರುತ್ತಾರೆ. ತಿರುಗುವಾಗ ಮೊದಲು ನೀರಿನ ರೋಲರ್, ಆಮೇಲೆ ಇಂಕಿನ ರೋಲರ್ ಅದನ್ನು ಮುಟ್ಟುತ್ತವೆ. ಆದರೆ ಪ್ಲೇಟ್ ಕಾಗದವನ್ನು ಮುಟ್ಟಲ್ಲ. ಇಂಕಿನ ಚಿತ್ರವನ್ನು ರಬ್ಬರ್ ಹೊದಿಕೆಯ ಇನ್ನೊಂದು ಸಿಲಿಂಡರಿಗೆ ದಾಟಿಸುತ್ತೆ, ಆ ರಬ್ಬರ್ ಕಾಗದಕ್ಕೆ ದಾಟಿಸುತ್ತೆ. ಹೀಗೆ ನಡುವೆ ಒಬ್ಬರ ಕೈ ದಾಟಿ ಬರೋದಕ್ಕೇ ಆಫ್‌ಸೆಟ್ ಅನ್ನೋ ಹೆಸರು.

ಇದು ಗೊತ್ತಾಗಿದ್ದೂ ಅಕಸ್ಮಾತ್ತಾಗಿ. 1904ರ ಸುಮಾರಿಗೆ ಅಮೆರಿಕದ ಐರಾ ರೂಬೆಲ್ ಕಲ್ಲಚ್ಚಿನ ಮಷೀನ್ ಓಡಿಸುವಾಗ ಒಂದು ಹಾಳೆ ಒಳಗೆ ಹೋಗದೆ ತಪ್ಪಿತು. ಮಸಿ ನೇರ ರಬ್ಬರ್ ಮೇಲೆ ಬಿತ್ತು, ಮುಂದಿನ ಹಾಳೆಯ ಹಿಂಭಾಗಕ್ಕೆ ಅಂಟಿತು. ನೋಡಿದರೆ ಕಲ್ಲಿನಿಂದ ಬಿದ್ದ ಅಚ್ಚಿಗಿಂತ ರಬ್ಬರಿನಿಂದ ಬಿದ್ದ ಅಚ್ಚೇ ಚೆನ್ನಾಗಿತ್ತು! ಕಾರಣ ಸರಳ. ಕಾಗದ ಎಷ್ಟೇ ನುಣುಪು ಅಂದರೂ ಒಳಗೆ ಉಬ್ಬುತಗ್ಗು ಇರುತ್ತೆ. ಗಟ್ಟಿ ಕಲ್ಲು, ಲೋಹ ಆ ತಗ್ಗಿಗೆ ಇಳಿಯಲ್ಲ, ರಬ್ಬರ್ ಇಳಿಯುತ್ತೆ. ಪ್ಲೇಟ್ ಸವೆಯೋದೂ ಕಡಿಮೆ.

ಈ ವ್ಯವಸ್ಥೆಯಲ್ಲಿ ನೀರು ಮತ್ತು ಇಂಕಿನ ಹದವೇ ಎಲ್ಲ. ನೀರು ಕಡಿಮೆಯಾದರೆ ಬಿಳಿ ಇರಬೇಕಾದ ಕಡೆ ಮಸಿ ಹತ್ತಿ ಕಾಗದ ಕೊಳೆಯಾಗುತ್ತೆ. ಜಾಸ್ತಿಯಾದರೆ ನೀರು ಇಂಕಿನೊಳಗೆ ಸೇರಿ ಬಣ್ಣ ಸಪ್ಪೆಯಾಗುತ್ತೆ. ಎಣ್ಣೆ ಸೀಗೇಕಾಯಿ ಅಂತ ಜಗಳಕ್ಕೆ ಹೇಳ್ತೀವಿ. ಇಲ್ಲಿ ಅಂಥದೇ ಒಂದು ಜಗಳವನ್ನು ಹದವಾಗಿ ಇಟ್ಟುಕೊಳ್ಳೋದೇ ಮಷೀನ್ ಓಡಿಸುವವರ ಕಸುಬು.

ಎರಡೇ ಇಂಕಿನ ಬಾವುಟ

ಈಗ ಬಣ್ಣಕ್ಕೆ ಬರೋಣ. ಮೊಬೈಲ್ ಸ್ಕ್ರೀನ್ ಕತ್ತಲಿಂದ ಶುರು ಮಾಡುತ್ತೆ. ಕೆಂಪು, ಹಸಿರು, ನೀಲಿ ಬೆಳಕು ಕೂಡಿಸುತ್ತಾ ಹೋದರೆ ಬಿಳಿಯಾಗುತ್ತೆ. ಕಾಗದ ಬಿಳಿಯಿಂದ ಶುರು. ಅದರ ಮೇಲೆ ಇಂಕ್ ಹಾಕೋದು ಅಂದರೆ ಬೆಳಕನ್ನು ಕಳೆಯೋದು. ಸಯಾನ್ ಇಂಕ್ ಕೆಂಪು ಬೆಳಕನ್ನು ನುಂಗುತ್ತೆ, ಮಜೆಂಟಾ ಹಸಿರನ್ನು ನುಂಗುತ್ತೆ, ಹಳದಿ ನೀಲಿಯನ್ನು ನುಂಗುತ್ತೆ. ಸ್ಕ್ರೀನ್ ಕೂಡೋ ಲೆಕ್ಕ, ಕಾಗದ ಕಳೆಯೋ ಲೆಕ್ಕ.

ಹಳದಿ ಕೆಂಪಿನ ನಮ್ಮ ಕನ್ನಡ ಬಾವುಟವನ್ನೇ ತಗೊಳ್ಳಿ. ಮೇಲಿನ ಅರಿಶಿನಕ್ಕೆ ಹಳದಿ ಇಂಕ್ ಒಂದೇ ಸಾಕು. ಕೆಳಗಿನ ಕುಂಕುಮಕ್ಕೆ ಹಳದಿಯ ಮೇಲೆ ಮಜೆಂಟಾ. ಒಂದು ನೀಲಿಯನ್ನು ನುಂಗಿತು, ಇನ್ನೊಂದು ಹಸಿರನ್ನು ನುಂಗಿತು, ವಾಪಸ್ ಬರೋದು ಕೆಂಪು ಮಾತ್ರ. ಹಾಗಾಗಿ ಬಾವುಟ ಎರಡೇ ಇಂಕಿನಲ್ಲಿ ಮುಗಿಯಿತು. ತೆಂಗಿನ ತೋಟದ ಹಸಿರಿಗೆ ಸಯಾನ್ ಮತ್ತು ಹಳದಿ.

ಮೂರೂ ಸೇರಿದರೆ ಕಪ್ಪಾಗಬೇಕು. ಲೆಕ್ಕದಲ್ಲಿ ಹೌದು, ಕಾಗದದಲ್ಲಿ ಇಲ್ಲ. ಯಾವ ಇಂಕೂ ತನ್ನ ಪಾಲಿನ ಬೆಳಕನ್ನಷ್ಟೇ ಅಚ್ಚುಕಟ್ಟಾಗಿ ನುಂಗಲ್ಲ, ಪಕ್ಕದ್ದನ್ನೂ ಸ್ವಲ್ಪ ನುಂಗುತ್ತೆ. ಹಾಗಾಗಿ ಮೂರೂ ಸೇರಿದರೆ ಬರೋದು ಮಣ್ಣಿನ ಕಂದು. ಅದಕ್ಕೇ ನಾಲ್ಕನೆಯದಾಗಿ ಕಪ್ಪು ಇಂಕ್. ಈ ನಾಲ್ಕರ ಗುಂಪೇ ಸಿಎಂವೈಕೆ. ಸ್ಕ್ರೀನಿನಲ್ಲಿ ಹೊಳೆಯೋ ನಿಯಾನ್ ಹಸಿರು, ಗಾಢ ನೀಲಿ ಪೋಸ್ಟರ್‌ನಲ್ಲಿ ಮಂಕಾಗೋದು ಪ್ರೆಸ್‌ನವರ ತಪ್ಪಲ್ಲ. ಆ ಬಣ್ಣ ಈ ನಾಲ್ಕು ಇಂಕಿನ ವ್ಯಾಪ್ತಿಯಲ್ಲೇ ಇಲ್ಲ. ಲಗ್ನಪತ್ರಿಕೆಯ ಬಂಗಾರದ ಗಣಪತಿ ಕೂಡ ಹಾಗೇ, ಅದಕ್ಕೆ ಬೇರೆಯೇ ಇಂಕ್ ಅಥವಾ ಫಾಯಿಲ್ ಬೇಕು.

ಹದಿನಾರೇ ಬಣ್ಣ

ನಿಜವಾದ ಇಂಜಿನಿಯರಿಂಗ್ ಇರೋದು ಇಲ್ಲಿ. ಆಫ್‌ಸೆಟ್ ಪ್ಲೇಟಿಗೆ "ಸ್ವಲ್ಪ ತಿಳಿ", "ಸ್ವಲ್ಪ ಗಾಢ" ಅನ್ನೋದು ಗೊತ್ತಿಲ್ಲ. ಒಂದು ಜಾಗದಲ್ಲಿ ಇಂಕ್ ಇದೆ ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ನಾಲ್ಕು ಇಂಕ್ ಇರೋದರಿಂದ ಕಾಗದದ ಯಾವುದೇ ಸಣ್ಣ ಬಿಂದುವಿನಲ್ಲಿ ಸಾಧ್ಯವಾಗೋದು 2ರ ಘಾತ 4, ಅಂದರೆ 16 ಬಣ್ಣ ಮಾತ್ರ. ಕ್ಯಾಲೆಂಡರಿನ ದೇವರ ಮುಖದ ಅಷ್ಟೂ ಛಾಯೆ ಈ ಹದಿನಾರರಲ್ಲೇ ಆಗಬೇಕು.

ಉಪಾಯ ಅಂದರೆ ಚುಕ್ಕಿ. ತಿಳಿ ಬಣ್ಣಕ್ಕೆ ಸಣ್ಣ ಚುಕ್ಕಿ, ಗಾಢ ಬಣ್ಣಕ್ಕೆ ದೊಡ್ಡ ಚುಕ್ಕಿ. ಒಳ್ಳೆ ಮ್ಯಾಗಜಿನ್‌ನಲ್ಲಿ ಇಂಚಿಗೆ ಸುಮಾರು 150 ಸಾಲು ಚುಕ್ಕಿ ಇರುತ್ತೆ, ದಿನಪತ್ರಿಕೆಯಲ್ಲಿ 100ರ ಆಸುಪಾಸು. ಲೇಸರ್ ಇಂಚಿಗೆ 2400 ಗುರುತು ಹಾಕುತ್ತೆ ಅಂದುಕೊಳ್ಳಿ. 2400ನ್ನು 150ರಿಂದ ಭಾಗಿಸಿದರೆ 16. ಅಂದರೆ ಒಂದೊಂದು ಚುಕ್ಕಿಯ ಮನೆಯೂ 16 ಗುಣಿಸು 16, ಒಟ್ಟು 256 ಪುಟ್ಟ ಚೌಕ. ಎಷ್ಟು ಚೌಕ ತುಂಬುತ್ತೇವೋ ಅಷ್ಟು ಗಾಢ. ಫೋಟೋದ 8 ಬಿಟ್‌ಗೆ ಸರಿಹೋಗುವ ಲೆಕ್ಕ!

ನಾಲ್ಕೂ ಬಣ್ಣದ ಚುಕ್ಕಿ ಸಾಲುಗಳು ಒಂದೇ ದಿಕ್ಕಿನಲ್ಲಿದ್ದರೆ, ಸ್ವಲ್ಪ ಸರಿದರೂ ಅಸಹ್ಯವಾದ ಪಟ್ಟೆ ಕಾಣುತ್ತೆ. ಒಂದರ ಮೇಲೊಂದು ಸೊಳ್ಳೆಪರದೆ ಹಿಡಿದರೆ ಅಲೆ ಕಾಣೋದಿಲ್ವಾ, ಹಾಗೆ. ಅದಕ್ಕೇ ಸಾಮಾನ್ಯವಾಗಿ ಸಯಾನ್ 15, ಕಪ್ಪು 45, ಮಜೆಂಟಾ 75, ಹಳದಿ 0 ಡಿಗ್ರಿ ಕೋನದಲ್ಲಿ ತಿರುಗಿಸಿರುತ್ತಾರೆ. ಹೀಗೆ ತಿರುಗಿಸಿದಾಗ ಚುಕ್ಕಿಗಳು ಒಂದರ ಮೇಲೊಂದು ಬೀಳೋದು ಹೆಚ್ಚುಕಮ್ಮಿ ಪ್ರಾಬಬಿಲಿಟಿ ಲೆಕ್ಕದ ಹಾಗೆ. ಸಯಾನ್ 50%, ಹಳದಿ 40% ಇದ್ದರೆ ಎರಡೂ ಸೇರಿ ಹಸಿರಾದ ಜಾಗ 0.5 ಗುಣಿಸು 0.4, ಅಂದರೆ 20%. ಬರೀ ಸಯಾನ್ 30%, ಬರೀ ಹಳದಿ 20%, ಖಾಲಿ ಕಾಗದ 30%. ಈ ನಾಲ್ಕರ ಸರಾಸರಿಯೇ ಕಣ್ಣಿಗೆ ಕಾಣೋ ತಿಳಿ ಹಸಿರು. ಹದಿನಾರು ಬಣ್ಣಗಳಿಗೂ ವಿಸ್ತರಿಸಿದ ಈ ಲೆಕ್ಕಕ್ಕೆ ನಾಯ್ಗೆಬೌವರ್ ಸಮೀಕರಣ ಅಂತ ಹೆಸರು, ಬಂದಿದ್ದು 1937ರಲ್ಲಿ.

ಧ ಯಾಕೆ ದ ಆಗುತ್ತೆ

ಲೆಕ್ಕ ಇಷ್ಟೇ ಆಗಿದ್ದರೆ ಸುಲಭವಿತ್ತು. ಕಾಗದದ ಮೇಲೆ ಬಿದ್ದ ಚುಕ್ಕಿ ಹಿಗ್ಗುತ್ತೆ. ಒತ್ತಡಕ್ಕೆ ಅಗಲವಾಗುತ್ತೆ, ಕಾಗದ ಹೀರಿಕೊಳ್ಳುತ್ತೆ, ಕಾಗದದೊಳಗೆ ಚದುರಿದ ಬೆಳಕಿನಿಂದ ಚುಕ್ಕಿಯ ಸುತ್ತ ನೆರಳಿನ ಹಾಗೆ ಕಾಣುತ್ತೆ. ಒಳ್ಳೆ ಆರ್ಟ್ ಪೇಪರ್‌ನಲ್ಲಿ 50% ಚುಕ್ಕಿ ಸುಮಾರು 65% ಆಗಿ ಕಾಣುತ್ತೆ, ನ್ಯೂಸ್‌ಪ್ರಿಂಟ್‌ನಲ್ಲಿ 75%ರ ಸುತ್ತ. ಇದಕ್ಕೆ ಡಾಟ್ ಗೇನ್ ಅಂತಾರೆ. ಇದನ್ನು ಮೊದಲೇ ಅಂದಾಜು ಮಾಡಿ ಪ್ಲೇಟಿನಲ್ಲಿ ಚುಕ್ಕಿಯನ್ನು ಚಿಕ್ಕದು ಮಾಡಿರುತ್ತಾರೆ.

ಎರಡನೆಯದು ರಿಜಿಸ್ಟ್ರೇಷನ್. ನಾಲ್ಕು ಇಂಕಿಗೆ ನಾಲ್ಕು ಪ್ಲೇಟ್, ನಾಲ್ಕು ಸಲ ಅಚ್ಚು. ಕಾಗದ ತೇವಕ್ಕೆ ಹಿಗ್ಗುತ್ತೆ, ಓಡುವಾಗ ಕೂದಲೆಳೆಯಷ್ಟು ಸರಿಯುತ್ತೆ. ಪೇಪರಿನ ಪುಟದ ಅಂಚಿನಲ್ಲಿ ಕಾಣುವ ನಾಲ್ಕು ಬಣ್ಣದ ಪುಟ್ಟ ಗುರುತುಗಳು ಇದನ್ನು ಸರಿಹೊಂದಿಸೋಕೆ ಇರೋವು.

ಫೋಟೋದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಸರಿದರೆ ಯಾರಿಗೂ ಗೊತ್ತಾಗಲ್ಲ. ಕನ್ನಡ ಅಕ್ಷರದಲ್ಲಿ ಗೊತ್ತಾಗುತ್ತೆ. ನಮ್ಮ ಲಿಪಿಯಲ್ಲಿ ದೊಡ್ಡ ದೊಡ್ಡ ಅರ್ಥವ್ಯತ್ಯಾಸ ಸಣ್ಣ ಸಣ್ಣ ಗೆರೆಯಲ್ಲಿದೆ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಎಲ್ಲ ಹೊಟ್ಟೆ ಸೀಳೋ ಒಂದು ಗೆರೆಯ ವ್ಯತ್ಯಾಸ. ಸಣ್ಣ ಅಕ್ಷರದಲ್ಲಿ ಆ ಗೆರೆಯ ಅಗಲವೂ ಮಿಲಿಮೀಟರಿನ ಹತ್ತನೇ ಭಾಗಗಳ ಲೆಕ್ಕದ್ದೇ.

ನಾಲ್ಕು ಇಂಕಿನ ಗಾಢ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇಟ್ಟರೆ ಏನಾಗುತ್ತೆ? ಈ ನಾಲ್ಕರಲ್ಲಿ ಬಿಳಿ ಇಂಕ್ ಅಂತ ಯಾವುದೂ ಇಲ್ಲ. ಬಿಳಿ ಅಕ್ಷರ ಅಂದರೆ ನಾಲ್ಕೂ ಪ್ಲೇಟಿನಲ್ಲಿ ಬಿಟ್ಟ ಖಾಲಿ ಜಾಗ. ನಾಲ್ಕೂ ಖಾಲಿ ಜಾಗ ಸರಿಯಾಗಿ ಒಂದರ ಮೇಲೊಂದು ಕೂರಬೇಕು. ಒಂದು ಸ್ವಲ್ಪ ಸರಿದು, ಇನ್ನೊಂದು ಸ್ವಲ್ಪ ಹಿಗ್ಗಿದರೆ ಆ ಸಣ್ಣ ಸೀಳು ಮುಚ್ಚಿಹೋಗುತ್ತೆ. 'ಧನಸಹಾಯ ಮಾಡಿದವರು' ಅಂತ ಕೊಟ್ಟದ್ದು 'ದನಸಹಾಯ' ಆಗಿ ಬರುತ್ತೆ. ದುಡ್ಡು ಕೊಟ್ಟವರ ಮುಂದೆ ಅದನ್ನು ಹಂಚಬೇಕಾದವರು ನಾವು!

ಕಪ್ಪು ಅಕ್ಷರದಲ್ಲೂ ಒಂದು ಗುಂಡಿ ಇದೆ. ಮೊಬೈಲ್ ಆ್ಯಪ್‌ನಲ್ಲಿ ಮಾಡಿದ ಡಿಸೈನಿನ ಕಪ್ಪು ಆರ್‌ಜಿಬಿ ಕಪ್ಪು. ಅದನ್ನು ಸಿಎಂವೈಕೆಗೆ ತಿರುಗಿಸಿದಾಗ ಸಾಮಾನ್ಯವಾಗಿ ನಾಲ್ಕೂ ಇಂಕಿನ ಮಿಶ್ರಣವಾಗುತ್ತೆ. ಆಗ ಪ್ರತಿ ಒತ್ತಕ್ಷರವನ್ನೂ ನಾಲ್ಕು ಸಲ ಅದೇ ಜಾಗಕ್ಕೆ ಹೊಡೆಯಬೇಕು. ಸ್ವಲ್ಪ ತಪ್ಪಿದರೂ ಅಕ್ಷರದ ಪಕ್ಕ ಕೆಂಪು, ನೀಲಿ ಅಂಚು ಕಾಣುತ್ತೆ.

ಪ್ರೆಸ್‌ಗೆ ಕೊಡೋ ಮೊದಲು

1. ಸಣ್ಣ ಅಕ್ಷರಗಳೆಲ್ಲ ಕಪ್ಪು ಇಂಕ್ 100%, ಉಳಿದ ಮೂರು ಸೊನ್ನೆ. ಇದೊಂದು ನೆನಪಿಟ್ಟರೂ ಸಾಕು.

2. ಬಿಳಿ ಅಕ್ಷರ ಬೇಕೇಬೇಕು ಅಂದರೆ ದಪ್ಪ ಫಾಂಟ್, ದೊಡ್ಡ ಸೈಜ್. ಹಿನ್ನೆಲೆಗೆ ಒಂದೋ ಎರಡೋ ಇಂಕ್ ಮಾತ್ರ. ಬಾವುಟದ ಕೆಂಪು ಇದಕ್ಕೆ ಚೆನ್ನಾಗಿ ಹೊಂದುತ್ತೆ.

3. ಡಿಸೈನನ್ನು ಮೊದಲೇ ಸಿಎಂವೈಕೆಗೆ ತಿರುಗಿಸಿ ನೋಡಿ. ಮಂಕಾಗೋ ಬಣ್ಣ ಅಲ್ಲೇ ಗೊತ್ತಾದರೆ ಬದಲಿಸಬಹುದು.

4. ಫೋಟೋ ಇಂಚಿಗೆ 300 ಪಿಕ್ಸೆಲ್ ಇರಲಿ. ಎ4 ತುಂಬ ಫೋಟೋ ಅಂದರೆ 2480 ಗುಣಿಸು 3508. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಕುಗ್ಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. ಸುತ್ತಲೂ ಕತ್ತರಿಸೋಕೆ 3 ಮಿಮೀ ಹೆಚ್ಚಿಗೆ ಬಿಡಿ.

5. ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ. ಇಲ್ಲದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ಒತ್ತಕ್ಷರ ಒಂದು ಕಡೆ, ಅಕ್ಷರ ಒಂದು ಕಡೆ ಆಗಬಹುದು.

6. ಐವತ್ತೇ ಪ್ರತಿ ಬೇಕಿದ್ದರೆ ಆಫ್‌ಸೆಟ್ ಬೇಡ, ಡಿಜಿಟಲ್ ಪ್ರಿಂಟ್ ಸಾಕು. ಆಫ್‌ಸೆಟ್‌ನಲ್ಲಿ ಪ್ಲೇಟ್ ಮತ್ತು ಹೊಂದಿಸುವಾಗ ಹಾಳಾಗೋ ಹಾಳೆಗಳ ಖರ್ಚು ಮೊದಲೇ ಬೀಳುತ್ತೆ, ಆಮೇಲೆ ಪ್ರತಿಯೊಂದು ಪ್ರತಿಗೂ ಕಡಿಮೆ. ಆ ಮೊದಲ ಖರ್ಚನ್ನು, ಎರಡು ವಿಧಾನದಲ್ಲಿ ಒಂದು ಪ್ರತಿಗೆ ಬೀಳೋ ಬೆಲೆಯ ವ್ಯತ್ಯಾಸದಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಹೆಚ್ಚು ಪ್ರತಿ ಬೇಕಿದ್ದರೆ ಮಾತ್ರ ಆಫ್‌ಸೆಟ್ ಲಾಭ. ಸರ್ಕಲ್‌ನಲ್ಲಿ ಕಟ್ಟೋ ಫ್ಲೆಕ್ಸ್‌ಗೆ ಇದ್ಯಾವುದೂ ಅನ್ವಯಿಸಲ್ಲ, ಅದು ಇಂಕ್‌ಜೆಟ್, ಅದಕ್ಕೆ ಪ್ಲೇಟೇ ಇಲ್ಲ.

ಕಲ್ಲಚ್ಚು ಬಂದಾಗ ಕನ್ನಡವನ್ನು ಕೈಯಲ್ಲಿ ಬರೆದ ಹಾಗೇ ಅಚ್ಚು ಹಾಕಬಹುದಾಯಿತು. ಅದೇ ಎಣ್ಣೆ ನೀರಿನ ತತ್ವ ಇವತ್ತು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಸಾವಿರಾರು ಹಾಳೆಗೆ ದಾಟಿಸುತ್ತಿದೆ. ಒಂದು ಸೀಳೂ ಮುಚ್ಚಿಹೋಗದ ಹಾಗೆ ಫೈಲ್ ಕೊಡೋದು ನಮ್ಮ ಪಾಲಿನ ಕೆಲಸ. ಮುಂದಿನ ರಾಜ್ಯೋತ್ಸವದ ಪೋಸ್ಟರ್ ಮಾಡುವವರು ಪ್ರೆಸ್‌ಗೆ ಹೋಗುವಾಗ ಈ ಆರು ಅಂಶಗಳ ಸ್ಕ್ರೀನ್‌ಶಾಟ್ ಜೊತೆಗೆ ಇಟ್ಟುಕೊಳ್ಳಿ.